ನಡುವೆ ಜೋಡಿ ಏಳು

ಒಂದು ಗುಡುಗಿತು. ಎರಡು ಗುಡುಗಿತು. ಮೂರನೆಯದು ಈಗ ಬಂತು, ಈಗ ಬಂತು ಎಂದು ಎರ್ರಪ್ಪ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕಲ್ಲುಗುಡ್ಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ. ಬರಲಿಲ್ಲ. ಬಾವಿಯೊಳಗಿಂದ ಹೊಗೆ ಎದ್ದು, ಗಾಳಿಗೆ ವಾಲಿ, ಬೆಳುಗುಪ್ಪದ ಗಾಡಿದಾರಿಯ ಕಡೆ ತೇಲಿಹೋಯಿತು. ಹೊಂಗೆಮರದಿಂದ ಬೆದರಿ ಎದ್ದಿದ್ದ ಕಾಗೆಗಳು ಕೂಡ ತಿರುಗಿ ಬಂದು ಕೂತವು. ಮೂರನೆಯ ಸದ್ದು ಮಾತ್ರ ಇಲ್ಲ.

"ಹುಸಿ ಹೋಯ್ತು ಕಣಪ್ಪ," ಅಂದ ಪಕ್ಕದಲ್ಲಿದ್ದ ಹೊನ್ನೂರಪ್ಪ. ಹಗ್ಗ ಎಳೆಯುವುದರಲ್ಲಿ ಗಟ್ಟಿ ಆಳು. ಆದರೆ ಕೆಟ್ಟ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಾನೇ ಹೇಳಬೇಕೆಂಬ ಚಪಲ ಅವನಿಗೆ.

ಬಾವಿ ತೋಡುವವರು ಸಿಡಿದ ಮದ್ದಿಗೆ ಹೆದರುವುದಿಲ್ಲ, ಅದು ತನ್ನ ಕೆಲಸ ಮುಗಿಸಿ ಹೋಗಿರುತ್ತದೆ. ಹೆದರಿಕೆಯೆಲ್ಲ ಸಿಡಿಯದ ಮದ್ದಿನದು. ಯಾರಾದರೊಬ್ಬರು ಕೆಳಗಿಳಿಯಬೇಕು. ಬಂಡೆಯಲ್ಲಿ ಮದ್ದು ತುಂಬಿದ ತೂತಿಗೆ ನೀರು ಹುಯ್ದು, ಕಬ್ಬಿಣ ತಾಗಿಸದೆ, ಬಿದಿರುಕಡ್ಡಿಯಲ್ಲಿ ಮಣ್ಣನ್ನು ಕೆದಕಿ ಕೆದಕಿ ಒಳಗಿನ ಮದ್ದನ್ನು ಈಚೆ ತೆಗೆಯಬೇಕು. ಒಳಗೆ ಬತ್ತಿ ಸತ್ತಿದೆಯೋ, ಸತ್ತ ಹಾಗೆ ಬಿದ್ದುಕೊಂಡಿದೆಯೋ, ಮೇಲಿದ್ದವರಿಗೆ ತಿಳಿಯುವುದಿಲ್ಲ. ಇಳಿದವನಿಗೆ ತಿಳಿಯುತ್ತದೆ, ಆದರೆ ಅವನು ಮೇಲೆ ಬಂದು ಹೇಳುತ್ತಾನೆಂಬ ಖಾತ್ರಿಯಿಲ್ಲ.

ಎರ್ರಪ್ಪ ಇದನ್ನು ಯಾರೋ ಹೇಳಿದ್ದು ಕೇಳಿ ಹೆದರಿದವನಲ್ಲ. ಹಿಂದಿನ ಬೇಸಿಗೆಯಲ್ಲಿ ಅವನು ತನ್ನೂರು ಅಮರಾಪುರದ ಹತ್ತಿರ ಬೇರೊಂದು ಗುಂಪಿನ ಜೊತೆ ಕೆಲಸಕ್ಕಿದ್ದ. ಅಲ್ಲೊಂದು ಮದ್ದು ಹುಸಿ ಹೋದಾಗ ಬೊಮ್ಮಣ್ಣನೆಂಬ ಹುರುಪಿನ ಆಳು, "ಎಷ್ಟೊತ್ತಿನ ಕೆಲ್ಸ, ಈಗ ಬಂದೆ" ಎಂದು ನಗುನಗುತ್ತಾ ಆಗಲೇ ಇಳಿದುಬಿಟ್ಟ. ಅವನನ್ನು ಇಳಿಸಿದ್ದೂ ಎರ್ರಪ್ಪನ ಕೈಯೇ, ಆಮೇಲೆ ಕಂಬಳಿ ಮುಚ್ಚಿದ ಮಂಕರಿಯನ್ನು ಮೇಲೆ ಎಳೆದದ್ದೂ ಎರ್ರಪ್ಪನ ಕೈಯೇ. ಹಗ್ಗ ಬಲು ಹಗುರವಾಗಿ ಬಂದಿತ್ತು. ಆ ಹಗುರವನ್ನು ಅವನ ಅಂಗೈ ಇನ್ನೂ ಮರೆತಿಲ್ಲ.

ಆಮೇಲೆ ಹೆಂಡತಿ ಚೌಡಕ್ಕ ಪಟ್ಟುಹಿಡಿದು ಅವನನ್ನು ತನ್ನ ಅಪ್ಪನ ಗುಂಪಿಗೆ ಸೇರಿಸಿದಳು. ಅಪ್ಪ ಎಂದರೆ ದೊಡ್ಡರಂಗಪ್ಪ ಮೇಸ್ತ್ರಿ. ಮಡಕಶಿರ ಸೀಮೆಯಲ್ಲಿ ಅವನ ಕೈಯಲ್ಲಿ ಬಾವಿ ತೋಡಿಸಿದವರು ಎರಡು ಮಾತು ಹೇಳುತ್ತಿದ್ದರು: ಒಂದು, ಅವನ ಗುಂಪಿನಲ್ಲಿ ಸತ್ತವರಿಲ್ಲ, ಇನ್ನೊಂದು, ಅವನಷ್ಟು ನಿಧಾನದ ಮನುಷ್ಯ ಮದ್ರಾಸ್ ಸರ್ಕಾರದ ಸೀಮೆಯಲ್ಲೇ ಇಲ್ಲ. ಆ ಸಲ ರಾಯದುರ್ಗದ ಕಡೆಯಿಂದ ಕರೆ ಬಂದು, ಬೆಳುಗುಪ್ಪದ ಹತ್ತಿರ ಕೊಟ್ರಬಸಪ್ಪನೆಂಬ ಹೊಲದೊಡೆಯನ ಬಾವಿ ಹಿಡಿದಿದ್ದರು. ಆರಾಳುದ್ದ ಇಳಿದ ಮೇಲೆ ಬಂಡೆ ಸಿಕ್ಕಿತ್ತು. ಕೆಳಗೆ ಬಂಡೆ ಕೊರೆಯಲು ಮೇಸ್ತ್ರಿಯೂ ಸೇರಿ ಮೂವರು ಗಂಡಸರು, ಕಲ್ಲು ಹೊರಲು ಚೌಡಕ್ಕನೂ ಇನ್ನಿಬ್ಬರು ಹೆಂಗಸರೂ. ಮದ್ದಿಗೆ ಬೆಂಕಿ ತಾಗಿಸುವಾಗ ಹೆಂಗಸರು ದೂರದ ಹೊಂಗೆಮರದ ಕೆಳಗೆ ಹೋಗಿ ನಿಲ್ಲಬೇಕು. ಕರೆಯುವ ತನಕ ಬರುವ ಹಾಗಿಲ್ಲ.

ಮೇಸ್ತ್ರಿ ಕಲ್ಲುಗುಡ್ಡೆಯ ಆಚೆಯಿಂದ ಎದ್ದು, ಸೊಂಟ ನೀವಿಕೊಂಡು, ಬಾವಿಯ ಕಡೆ ಒಂದು ಸಲ ನೋಡಿದ. ಹತ್ತಿರ ಹೋಗಲಿಲ್ಲ. ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ, ಅದರ ಮಡಿಕೆಯಿಂದ ಎಣ್ಣೆಬಟ್ಟೆಯ ಪುಟ್ಟ ಗಂಟನ್ನು ತೆಗೆದ. ಅದರಲ್ಲಿ ಇಸ್ಪೀಟಿನ ಕಟ್ಟು. ಮೂಲೆ ಸವೆದು ದುಂಡಗಾದ, ಬೆವರು ಕುಡಿದು ದಪ್ಪಗಾದ ಎಲೆಗಳು.

"ಬನ್ರಲಾ, ಕುಂತ್ಕಳಿ," ಅಂದ.

ಇದು ದೊಡ್ಡರಂಗಪ್ಪನ ಗುಂಪಿನ ಪದ್ಧತಿ. ಹುಸಿ ಮದ್ದಿಗೆ ಯಾರು ಇಳಿಯಬೇಕೆಂದು ಮನುಷ್ಯರು ಹೇಳಬಾರದು, ಎಲೆ ಹೇಳಬೇಕು. ಮೇಸ್ತ್ರಿ ಹೇಳಿದರೆ ಸತ್ತವನ ಹೆಂಡತಿ ಮೇಸ್ತ್ರಿಯ ಮನೆ ಬಾಗಿಲಲ್ಲಿ ಮಣ್ಣು ತೂರುತ್ತಾಳೆ. ಎಲೆ ಹೇಳಿದರೆ ಎಲೆಯ ಮನೆ ಬಾಗಿಲು ಯಾರಿಗೆ ಗೊತ್ತು?

ಹೊಲದೊಡೆಯ ಕೊಟ್ರಬಸಪ್ಪ ಕೊಡೆ ಹಿಡಿದು ಬದುವಿನ ಮೇಲೆ ಬಂದ. ಗಂಡಸರು ಕಂಬಳಿ ಹಾಸಿ ಕೂತಿದ್ದನ್ನು ನೋಡಿ ಅವನಿಗೆ ಮೈಯೆಲ್ಲ ಉರಿಯಿತು.

"ಏನ್ ಮೇಸ್ತ್ರಿ, ನಾನು ಕೂಲಿ ಕೊಡಾದು ಇಸ್ಪೀಟ್ ಆಡಾಕೇನು? ಯಾಕ ಒಬ್ಬರೂ ಇಳಿವಲ್ರಿ? ಅಂಜಿಕಿ ಏನು?"

"ಆಟ ಅಲ್ಲ ಸಾಮಿ, ಶಾಸ್ತ್ರ," ಅಂದ ಮೇಸ್ತ್ರಿ, ತಲೆ ಎತ್ತದೆ.

ಶಾಸ್ತ್ರ ಎಂದ ಮೇಲೆ ಯಾರು ಏನು ಮಾತಾಡ್ಯಾರು? ಕೊಟ್ರಬಸಪ್ಪ ಗೊಣಗಿಕೊಳ್ಳುತ್ತ ನೆರಳಿಗೆ ಹೋದ.

ಆಟದ ಲೆಕ್ಕ ಸರಳ. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಅದು ಅವರವರ ಗುಟ್ಟು. ನಡುವೆ ಕಂಬಳಿಯ ಮೇಲೆ ಮೂರು ಎಲೆ ಬಿಚ್ಚಿಡುವುದು, ಅದು ಎಲ್ಲರದು. ಕೈಯಲ್ಲಿನ ಎರಡನ್ನೂ ನಡುವಿನ ಮೂರನ್ನೂ ಕೂಡಿಸಿ ಯಾರಿಗೆ ದೊಡ್ಡದಾಗುತ್ತದೋ ಅವನು ಗೆದ್ದ. ಒಂದೇ ಅಂಕಿಯ ಎರಡು ಬಂದರೆ ಜೋಡಿ, ಎರಡು ಜೋಡಿ ಅದಕ್ಕಿಂತ ಮೇಲು, ಒಂದೇ ಅಂಕಿಯ ಮೂರು ಬಂದರೆ ಇನ್ನೂ ಮೇಲು. ಏನೂ ಕೂಡದಿದ್ದರೆ ಯಾರ ಕೈಯಲ್ಲಿ ದೊಡ್ಡ ಎಲೆ ಇದೆಯೋ ಅವನದು. ಮೊದಲ ಆಟದಲ್ಲಿ ಗೆದ್ದವನು ಎದ್ದು ಪಾರಾಗುತ್ತಾನೆ. ಉಳಿದ ಇಬ್ಬರದು ಎರಡನೆಯ ಆಟ, ಅದರಲ್ಲಿ ಮಾತುಂಟು. ಮೊದಲು ಮಾತಾಡುವವನು "ಇವತ್ತಿಂದು" ಅನ್ನಬಹುದು. ಸೋತವನು ಇವತ್ತಿನ ಹುಸಿ ಮದ್ದಿಗೆ ಇಳಿದರೆ ಮುಗಿಯಿತು ಎಂದು ಅರ್ಥ. ಅದಕ್ಕೆ ಎದುರಿನವನು ಒಪ್ಪಿದರೆ ಇಬ್ಬರೂ ಎಲೆ ತೋರಿಸಬೇಕು. ಒಪ್ಪದೆ "ಗಂಗೆ ಕಾಣೋತಂಕ" ಎಂದು ಏರಿಸಬಹುದು. ಆಗ ಸೋತವನು ಈ ಬಾವಿಯಲ್ಲಿ ನೀರು ಕಾಣುವ ತನಕ ಎಷ್ಟು ಮದ್ದು ಹುಸಿ ಹೋದರೂ ಪ್ರತಿ ಸಲವೂ ತಾನೇ ಇಳಿಯಬೇಕು. ಅಷ್ಟಕ್ಕೆ ಧೈರ್ಯವಿಲ್ಲದವನು ಎಲೆಯನ್ನು ತೋರಿಸದೆ ಮಗುಚಿಟ್ಟು, "ಬುಟ್ಟೆ" ಎಂದು, ಇವತ್ತಿಗೆ ಇಳಿಯಬೇಕು. ಬಿಟ್ಟ ಎಲೆಯನ್ನು ಗೆದ್ದವನು ಮುಟ್ಟಿ ನೋಡಬಾರದು.

ಇಷ್ಟು ಆಟ ಆಡಲು ಬೇರೆಯವರಿಗೆ ಎಷ್ಟು ಹೊತ್ತು ಬೇಕು? ದೊಡ್ಡರಂಗಪ್ಪನಿಗೆ ಅದರ ಹತ್ತರಷ್ಟು ಬೇಕು. ಎಲೆಗಳನ್ನು ಎಣಿಸಿದ. ಒಂದು ಕಡಿಮೆ ಬಂತೆಂದು ಮತ್ತೆ ಎಣಿಸಿದ. ಒಂದು ರಾಣಿಯ ಮೋರೆಗೆ ಮಣ್ಣು ಅಂಟಿದೆಯೆಂದು ಪಂಚೆಯ ಚುಂಗಿನಿಂದ ಒರೆಸಿದ. ಒರೆಸುತ್ತ, ಮಡಕಶಿರದಲ್ಲಿ ಒಂದು ಕಾಲಕ್ಕೆ ಬಾವಿ ತೋಡುವಾಗ ಆಮೆ ಸಿಕ್ಕ ಕತೆ ಶುರುಮಾಡಿದ. ಆಮೆಗಿಂತ ಕತೆ ನಿಧಾನ.

ಎರ್ರಪ್ಪನಿಗೆ ಆ ಮುದುಕನ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಹೆದರಿದವನಿಗೆ ಬೇಕಾದದ್ದು ಒಂದೇ, ಬೇಗ ಮುಗಿಯಬೇಕು. ಒಳ್ಳೆಯದಾಗಿ ಮುಗಿಯಬೇಕೆಂದೂ ಅಲ್ಲ, ಮುಗಿಯಬೇಕು, ಅಷ್ಟೆ. ಅವನ ಕಣ್ಣು ಮತ್ತೆ ಮತ್ತೆ ಬಾವಿಯ ಬಾಯಿಗೆ ಹೋಗುತ್ತಿತ್ತು. ಅಲ್ಲಿ ಈಗ ಹೊಗೆಯೂ ಇರಲಿಲ್ಲ.

ಮೊದಲ ಆಟದಲ್ಲಿ ಹೊನ್ನೂರಪ್ಪನಿಗೆ ಎರಡು ಜೋಡಿ ಬಿತ್ತು. ಅವನು ಕುಣಿದುಕೊಂಡು ಎದ್ದ. "ನಂದಾಯ್ತು, ಮಾವ ಅಳಿಯ ನೀವ್ ನೀವೇ ನೋಡ್ಕಳಿ," ಅಂದು ಬೀಡಿ ಹಚ್ಚಲು ಹೋದವನು, ಮದ್ದಿನ ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ.

ಕಂಬಳಿಯ ಮೇಲೆ ಉಳಿದವರು ಇಬ್ಬರು. ಹೊಂಗೆಮರದ ಕೆಳಗಿಂದ ಚೌಡಕ್ಕ ಇದನ್ನು ನೋಡುತ್ತಿದ್ದಳು. ಎಲೆ ಕಾಣಿಸುವಷ್ಟು ಹತ್ತಿರವಲ್ಲ. ಆದರೆ ಯಾರು ಎದ್ದರು, ಯಾರು ಉಳಿದರು ಎಂಬುದು ಕಾಣುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅಪ್ಪನೂ ಗಂಡನೂ ಎದುರುಬದುರು ಕೂತಾಗ ಅವಳು ಯಾರು ಗೆಲ್ಲಲೆಂದು ದೇವರಿಗೆ ಹರಕೆ ಹೊರಬೇಕು?

"ಈ ಕೈ ನೀನೇ ಹಂಚು ಅಳಿಯ," ಎಂದು ಮೇಸ್ತ್ರಿ ಕಟ್ಟನ್ನು ಮುಂದೆ ನೂಕಿದ.

ಹಂಚಿದವನಿಗೆ ಕಡೇ ಮಾತು. ಎದುರಿನವನು ಏನೆಂದ, ಹೇಗೆಂದ, ಅನ್ನುವ ಮುಂಚೆ ಉಗುಳು ನುಂಗಿದನೋ ಇಲ್ಲವೋ, ಎಲ್ಲವನ್ನೂ ನೋಡಿ ಆಮೇಲೆ ತಾನು ಬಾಯಿ ಬಿಡಬಹುದು. ಆಡಿ ಬಲ್ಲವರು ಒಳ್ಳೆಯ ಎಲೆಗಿಂತ ಒಳ್ಳೆಯ ಜಾಗ ಮೇಲು ಅನ್ನುತ್ತಾರೆ. ಮಾವ ಬೇಕೆಂದೇ ಕೊಟ್ಟನೋ, ಬೇಜಾರಿಗೆ ಕೊಟ್ಟನೋ ಎಂದು ಯೋಚಿಸುವ ಸ್ಥಿತಿಯಲ್ಲಿ ಎರ್ರಪ್ಪ ಇರಲಿಲ್ಲ. ಅವನು ಬೇಗ ಬೇಗ ಹಂಚಿದ.

ತನ್ನ ಎರಡನ್ನು ಎತ್ತಿ ನೋಡಿದ. ಇಸ್ಪೀಟಿನ ಎಕ್ಕ. ಆಠೀನಿನ ರಾಜ.

ಜೀವ ಬಂತು. ಇಡೀ ಕಟ್ಟಿನಲ್ಲಿ ಇವಕ್ಕಿಂತ ದೊಡ್ಡ ಎಲೆಗಳಿಲ್ಲ. ನಡುವೆ ಒಂದು ಎಕ್ಕವೋ ಒಂದು ರಾಜನೋ ಬಿದ್ದರೆ ಸಾಕು. ಮೊದಲನೆಯ ನಡುವೆಲೆಯನ್ನು ಮಗುಚಿದ: ಏಳು. ಎರಡನೆಯದು: ಮತ್ತೊಂದು ಏಳು. ಮೂರನೆಯದನ್ನು ಮಗುಚುವಾಗ ಬೆರಳು ಜಾರಿ ಎಲೆ ನೆಲಕ್ಕೆ ಬಿತ್ತು, ಎತ್ತಿಟ್ಟ: ಮೂರು.

ಬಂದ ಜೀವ ಹೋಯಿತು. ಕೈಯಲ್ಲಿ ಎಕ್ಕ-ರಾಜ ಇಟ್ಟುಕೊಂಡು ನಡುವೆ ಜೋಡಿ ಏಳನ್ನು ನೋಡುವುದೆಂದರೆ, ಹೊಸ ರುಮಾಲು ಸುತ್ತಿಕೊಂಡು ಊಟ ಮುಗಿದ ಮೇಲೆ ಮದುವೆಮನೆಗೆ ಹೋದ ಹಾಗೆ. ಮರ್ಯಾದೆ ಇದೆ, ಹೊಟ್ಟೆಗಿಲ್ಲ.

ಅವನ ತಲೆ ಗಿರಗಿರನೆ ತಿರುಗಿತು. ನಡುವಿನ ಜೋಡಿ ಇಬ್ಬರದೂ ಆಯಿತು. ಆದ್ದರಿಂದ ಅದು ಯಾರದೂ ಅಲ್ಲ. ಮಾವನ ಕೈಯಲ್ಲಿ ಏಳು ಇದ್ದರೆ ಮೂರು ಏಳಾಗುತ್ತದೆ, ಎಕ್ಕ-ರಾಜ ಮಣ್ಣುಪಾಲು. ಆದರೆ ಎರಡು ಏಳು ಕಂಬಳಿಯ ಮೇಲೇ ಬಿದ್ದಿವೆ, ಇಡೀ ಕಟ್ಟಿನಲ್ಲಿ ಉಳಿದದ್ದು ಎರಡೇ. ಅದು ಮಾವನ ಕೈಗೇ ಯಾಕೆ ಹೋಗಬೇಕು? "ನಡುವೆ ಜೋಡಿ ಬಿದ್ರೆ ಎಲ್ಲರ ಕೈನೂ ಬಡವಾಯ್ತದೆ" ಎಂದು ಮಾವನೇ ಎಷ್ಟು ಸಲ ಹೇಳಿಲ್ಲ? ಬಡವರ ನಡುವೆ ಎಕ್ಕ ಇದ್ದವನೇ ಸಾಹುಕಾರ. ಮಾವ "ಇವತ್ತಿಂದು" ಅಂದರೆ, ಸುಮ್ಮನೆ ಒಪ್ಪಿ ಎಲೆ ತೋರಿಸಿದರೆ ಬಹುಪಾಲು ಗೆಲುವು ತನ್ನದೇ.

ಬಹುಪಾಲು. ಬೊಮ್ಮಣ್ಣ ಕೂಡ ಬಹುಪಾಲು ಬದುಕಿ ಬರುತ್ತಿದ್ದ.

ಮೇಸ್ತ್ರಿ ತನ್ನ ಎಲೆಗಳನ್ನು ಒಂದು ಸಲ ನೋಡಿ ಮೊಣಕಾಲಿನ ಕೆಳಗೆ ಇಟ್ಟುಕೊಂಡ. ಚೀಲ ಬಿಚ್ಚಿದ. ವೀಳ್ಯದೆಲೆಯ ತೊಟ್ಟು ಮುರಿದ. ಸುಣ್ಣ ಹಚ್ಚಿದ, ಜಾಸ್ತಿಯಾಯಿತೆಂದು ಉಗುರಿನಲ್ಲಿ ಕೆರೆದ. ಮತ್ತೆ ನಡುವಿನ ಎಲೆಗಳನ್ನು ದಿಟ್ಟಿಸಿದ, ಅವು ಬದಲಾಗಿರಬಹುದೆಂಬಂತೆ.

"ಮಾತಾಡ್ರಿ ಮಾವ," ಅಂದ ಎರ್ರಪ್ಪ.

"ಆಡ್ತೀನಿ ತಡಿಯಯ್ಯ. ಎಲೇನೇನು ಆಡು ತಿಂತದಾ?"

ಬಾಯಿ ತುಂಬ ಜಗಿದು, ಪಕ್ಕಕ್ಕೆ ಉಗುಳಿ, ತುಟಿ ಒರೆಸಿಕೊಂಡು ಮೇಸ್ತ್ರಿ ಕೊನೆಗೆ ಅಂದ: "ಇವತ್ತಿಂದು."

ಇಷ್ಟು ಮೆಲ್ಲಗೆ ಹೇಳಿದನೆಂದರೆ ಕೈಯಲ್ಲಿ ಏಳು ಇಲ್ಲ. ಏಳು ಇದ್ದವನು ಗುಡುಗುತ್ತಿದ್ದ. ಅಥವಾ ಏಳು ಇದೆಯೆಂದೇ ಮೆಲ್ಲಗೆ ಹೇಳಿದನೋ? ಎರ್ರಪ್ಪನಿಗೆ ಎರಡೂ ನಿಜ ಅನ್ನಿಸಿತು. ಒಪ್ಪಿ ತೋರಿಸುವುದೇ ಬುದ್ಧಿವಂತರ ದಾರಿ ಎಂದು ಅವನಿಗೆ ಗೊತ್ತಿತ್ತು. ಆದರೆ ಎಲೆ ತೋರಿಸಿದ ಮೇಲೆ ಸೋತರೆ? ಮತ್ತೆ ಮಾತಿಲ್ಲ, ಬಾವಿಯೇ. ಏರಿಸಿದ ಮಾತಿಗೆ ಹಿಂಜರಿದು ಮಾವ ಎಲೆ ತೋರಿಸದೆ ಬಿಟ್ಟುಬಿಟ್ಟರೆ ಮಾತ್ರ ತಾನು ಇಳಿಯುವ ಪ್ರಶ್ನೆಯೇ ಇಲ್ಲ. ಅವನು ನಿರ್ಧಾರ ಮಾಡಲಿಲ್ಲ. ಹೆದರಿಕೆಯೇ ಅವನ ಬಾಯಿಂದ ಮಾತಾಡಿತು.

"ಗಂಗೆ ಕಾಣೋತಂಕ!"

ಹೊನ್ನೂರಪ್ಪ ಕಿವಿಯ ಬೀಡಿ ಮುಟ್ಟಿಕೊಂಡು ಹತ್ತಿರ ಬಂದ. ಗಂಗೆ ಕಾಣಲು ಇನ್ನೂ ಎಷ್ಟು ಬಂಡೆ ಇದೆಯೋ, ಎಷ್ಟು ಮದ್ದೋ. ಈ ಮಾತನ್ನು ಆ ಗುಂಪಿನಲ್ಲಿ ಯಾರೂ ಹಗುರವಾಗಿ ಆಡುತ್ತಿರಲಿಲ್ಲ.

ಮೇಸ್ತ್ರಿ ಅಳಿಯನ ಮುಖವನ್ನು ನೋಡಲಿಲ್ಲ. ಅವನ ಕೈ ನೋಡಿದ. ಎಕ್ಕ ಮತ್ತು ರಾಜ ಅರಳಿ ಎಲೆಗಳ ಹಾಗೆ ಪಟಪಟ ಅನ್ನುತ್ತಿದ್ದವು. ಎರ್ರಪ್ಪ ಇನ್ನೊಂದು ಕೈಯನ್ನೂ ಕೂಡಿಸಿ ಹಿಡಿದ. ಈಗ ಎರಡೂ ನಡುಗಿದವು. ಮೇಸ್ತ್ರಿ ಬಹಳ ಹೊತ್ತು ನೋಡಿದ. ಮೊಣಕಾಲಿನ ಕೆಳಗಿಂದ ತನ್ನ ಎಲೆಗಳನ್ನು ತೆಗೆದು, ಮತ್ತೊಮ್ಮೆ ನೋಡದೆ, ಮಗುಚಿದಂತೆಯೇ ಕಂಬಳಿಯ ಮೇಲೆ ಇಟ್ಟು ಒಂದು ಕಲ್ಲು ಹೇರಿದ.

"ಬುಟ್ಟೆ," ಅಂದ. "ನಾನೇ ಇಳೀತೀನಿ."

ಎರ್ರಪ್ಪನಿಗೆ ಮೊದಲು ಆದದ್ದು ಸಂತೋಷ. ಬರೀ ಸಂತೋಷ, ನಾಚಿಕೆಯಿಲ್ಲದ ಸಂತೋಷ. ನಾನಲ್ಲ, ನಾನಲ್ಲ ಎಂದು ಮೈಯ ನರನರವೂ ಕೂಗಿತು. ಹೊಂಗೆಮರದ ಕೆಳಗೆ ನಿಂತಿದ್ದ ಹೆಂಡತಿಯ ನೆನಪಾದದ್ದು ಆಮೇಲೆ. ಆ ಕಡೆ ಅವನು ತಿರುಗಿ ನೋಡಲಿಲ್ಲ.

ಸೋತವನು ಆಗಲೇ ಇಳಿಯಬೇಕು. ಮೇಸ್ತ್ರಿ ಬಾವಿಯ ದಡಕ್ಕೆ ಹೋಗಿ, ರಾಟೆಯ ಹಗ್ಗದ ಕುಣಿಕೆಯನ್ನು ಎಳೆದು ನೋಡಿ, ಅದರ ಪಕ್ಕದಲ್ಲೇ ಕೂತುಬಿಟ್ಟ. ಅಂಗಿ ಬಿಚ್ಚಿದ. ಅದನ್ನು ಮಡಿಸಿದ. ಮಡಿಕೆ ಸರಿಯಾಗಲಿಲ್ಲವೆಂದು ಬಿಡಿಸಿ ಮತ್ತೆ ಮಡಿಸಿದ. ಗಡಿಗೆಯ ನೀರಿಗೆ ಕೈಯಿಟ್ಟು, "ಇದ್ರಾಗೆ ಕಸ ಐತೆ. ಹೊನ್ನೂರ, ಕುಂಟೆಗೆ ಹೋಗಿ ಬ್ಯಾರೆ ತಗಂಬಾ," ಎಂದು ಕಳಿಸಿದ. ಆ ನೀರಿನ ಹೊಂಡ ಎರಡು ಹೊಲದ ಆಚೆ.

ಹಗ್ಗದ ಇನ್ನೊಂದು ತುದಿ ಎರ್ರಪ್ಪನ ಕೈಯಲ್ಲಿತ್ತು. ಗೆದ್ದವನು ಹಗ್ಗ ಹಿಡಿಯಬೇಕು. ಒರಟು ಹಗ್ಗ ಅಂಗೈಗೆ ತಾಗಿದ ಕೂಡಲೇ ಬೊಮ್ಮಣ್ಣನ ಮಂಕರಿಯ ಆ ಹಗುರ ನೆನಪಾಗಿ ಮೈ ಜುಂ ಎಂದಿತು. ಈಗ ಅವನಿಗೆ ಬೇರೊಂದು ಹೆದರಿಕೆ ಶುರುವಾಯಿತು. ಮಾವ ಮನಸ್ಸು ಬದಲಿಸಿದರೆ? "ನಾನು ಮುದುಕ, ನೀನೇ ಇಳಿ" ಅಂದುಬಿಟ್ಟರೆ? ಹೆದರೋರ ಮೇಲೆ ಹಾವು ಎಸೆದ ಹಾಗೆ, ಒಂದು ಹೋದರೆ ಇನ್ನೊಂದು. ಇಳಿದುಬಿಡಲಿ, ಆಗುವುದು ಆಗಿಹೋಗಲಿ.

"ಬೇಗ ಇಳೀರಿ ಮಾವ," ಅಂದ. "ಹೊತ್ತಾಗ್ತೈತೆ. ಸಾಹುಕಾರ್ರು ನೋಡ್ತಾವ್ರೆ."

ಮೇಸ್ತ್ರಿ ಅವನನ್ನು ಒಂದು ಗಳಿಗೆ ನೋಡಿದ. ಸಿಟ್ಟಿನಿಂದ ಅಲ್ಲ.

"ಇಳೀತೀನಿ. ಇನ್ನೊಂದು ಎಲಡ್ಕೆ ಹಾಕ್ಕಂತೀನಿ ತಡಿ."

ಹೊನ್ನೂರಪ್ಪ ನೀರು ತಂದಿಟ್ಟ. ಸುಮ್ಮನೆ ನಿಲ್ಲುವ ಜಾಯಮಾನವೇ ಅವನದಲ್ಲ. ಎಲೆಗಳನ್ನು ಎಣ್ಣೆಬಟ್ಟೆಗೆ ಸುತ್ತಿಡೋಣವೆಂದು ಕಂಬಳಿಯ ಹತ್ತಿರ ಹೋಗಿ ಒಂದೊಂದಾಗಿ ಎತ್ತತೊಡಗಿದ. ಗೆದ್ದವನು ಬಿಟ್ಟ ಎಲೆಯನ್ನು ಮುಟ್ಟಬಾರದು, ನಿಜ. ಮೂರನೆಯವನು ಕಟ್ಟು ಸೇರಿಸಬಾರದೆಂದು ಯಾರೂ ಹೇಳಿರಲಿಲ್ಲ. ಕಲ್ಲು ಸರಿಸಿ, ಕೆಳಗಿನ ಎರಡನ್ನು ಎತ್ತಿದವನು ಹಾಗೇ ನಿಂತ.

"ಮೇಸ್ತ್ರಣ್ಣ! ಏಳು ಇಟ್ಕಂಡು ಬುಟ್ರಾ? ಮೂರು ಏಳು ಆಗಿತ್ತಲ್ಲ ನಿಮ್ದು!"

ಎರ್ರಪ್ಪನಿಗೆ ಕೇಳಿಸಿತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಗೆದ್ದಿದ್ದ. ಎಲೆ ಕಂಡಾಗಿನಿಂದಲೂ ಗೆದ್ದಿದ್ದ. "ಇವತ್ತಿಂದು" ಅಂದಾಗ ತಾನು ಒಪ್ಪಿದ್ದರೆ ತಾನೇ ಇಳಿಯಬೇಕಿತ್ತು. "ಗಂಗೆ ಕಾಣೋತಂಕ" ಅಂದಾಗ ಮಾವ ನಿಂತಿದ್ದರೆ ಗಂಗೆ ಕಾಣುವ ತನಕ ತಾನೇ ಇಳಿಯಬೇಕಿತ್ತು. ಮುದುಕ ಗೆದ್ದ ಎಲೆಯನ್ನು ಕಲ್ಲಿನ ಕೆಳಗಿಟ್ಟು ಸಾಯಲು ಹೊರಟಿದ್ದಾನೆ. ಅಂಥವನಿಗೆ ತಾನು ಬೇಗ ಇಳಿ ಅಂದೆ.

ಮುಖಕ್ಕೆ ಕೆಂಡ ಎರಚಿದಂತಾಯಿತು. ಹೆದರಿಕೆ ಹೋಗಲಿಲ್ಲ, ಅದರ ಮೇಲೆ ನಾಚಿಕೆ ಬಂದು ಕೂತಿತು, ಎರಡೂ ಸೇರಿ ಅವನನ್ನು ಹುಚ್ಚನನ್ನಾಗಿ ಮಾಡಿದವು. ಒಂದೇ ನೆಗೆತಕ್ಕೆ ದಡಕ್ಕೆ ಬಂದು ಕುಣಿಕೆಯನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಹಾಕಿ ಬಿಗಿದ.

"ಎದ್ದೇಳ್ರಿ ಮಾವ! ನಾನ್ ಇಳೀತೀನಿ! ಹೊನ್ನೂರಣ್ಣ, ಹಗ್ಗ ಹಿಡ್ಕ!"

"ಏಯ್, ತಡಿ," ಅಂದ ಮೇಸ್ತ್ರಿ.

"ತಡಿಯಲ್ಲ! ಈಗ್ಲೇ ಇಳೀತೀನಿ, ಈಗ್ಲೇ ಮುಗಿಸ್ತೀನಿ!"

ಒಂದು ಕಾಲು ಆಗಲೇ ಬಾವಿಯ ಒಳಗೋಡೆಯ ಮೆಟ್ಟುಗಲ್ಲಿನ ಮೇಲಿತ್ತು. ಕೆಳಗೆ ಕತ್ತಲೆ, ಮದ್ದಿನ ಕಮಟು ವಾಸನೆ. ಹಿಂದಿನಿಂದ ಮೇಸ್ತ್ರಿಯ ಕೈ ಅವನ ಉಡಿದಾರವನ್ನೂ ಪಂಚೆಯನ್ನೂ ಸೇರಿಸಿ ಗಬಕ್ಕನೆ ಹಿಡಿಯಿತು. ಜೀವಮಾನದಲ್ಲಿ ಅವಸರ ಮಾಡದ ಆ ಮನುಷ್ಯ ಆಗ ಮಾಡಿದ.

"ಕುಂತ್ಕಳಲಾ!" ಎಂದು ಅರಚಿ ಅವನನ್ನು ಹಿಂದಕ್ಕೆ ಸೆಳೆದ. ಇಬ್ಬರೂ ಅಂಗಾತ ಬಿದ್ದರು.

ಮೂರನೆಯದು ಸಿಡಿಯಿತು.

ಅದು ಕಿವಿಗೆ ಕೇಳಲಿಲ್ಲ, ಬೆನ್ನಿನ ಕೆಳಗಿನ ನೆಲಕ್ಕೆ ಕೇಳಿತು. ಬಾವಿಯ ಬಾಯಿಂದ ಕರಿಯ ಹೊಗೆಯೂ ಕಲ್ಲೂ ಒಟ್ಟಿಗೆ ಎದ್ದವು. ರಾಟೆಯ ಮರ ಮುರಿದು ಹಾರಿತು. ಆಮೇಲೆ ಕಲ್ಲಿನ ಮಳೆ. ಮೇಸ್ತ್ರಿ ಅಳಿಯನ ತಲೆಯ ಮೇಲೆ ತನ್ನ ಎರಡೂ ತೋಳು ಹರಡಿ ಮಲಗಿದ್ದ. 'ಸತ್ತೆ' ಅಂದುಕೊಂಡ ಎರ್ರಪ್ಪ. ಆಮೇಲೆ ಬಾಯೊಳಗೆ ಮಣ್ಣಿನ ರುಚಿ ಗೊತ್ತಾಯಿತು. ಸತ್ತವರಿಗೆ ರುಚಿ ಇರುತ್ತದೆಯೇ ಎಂದು ಯೋಚಿಸುತ್ತ ಬಹಳ ಹೊತ್ತು ಕಣ್ಣು ಬಿಡಲಿಲ್ಲ.

ಕಣ್ಣು ಬಿಟ್ಟಾಗ ಮಾವನ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕಿವಿಯಲ್ಲಿ ಜೇನುಹುಳದ ಸದ್ದು. ಅದು ಮೆಲ್ಲಗೆ ಇಳಿದ ಮೇಲೆ ಕೇಳಿಸಿತು.

"ನೋಡ್ದಾ? ಸೋತಿದ್ರೆ ನೀನು ಇಂಗೇ ಓಡ್ತಿದ್ದೆ. ಕೈ ನೋಡ್ದಾಗ್ಲೇ ಗೊತ್ತಾಯ್ತು. ಅದಕ್ಕೇ ಏಳು ಬುಟ್ಟಿದ್ದು."

"ಮಾವ, ಇದು ಸಿಡೀತದೆ ಅಂತ ನಿಮಗೆ..."

"ಯಾವನಿಗ್ ಗೊತ್ತು? ಸಿಡಿದ್ರೂ ಸಿಡೀತದೆ, ಇಲ್ದಿದ್ರೂ ಇಲ್ಲ. ಕಾಯ್ಬೇಕು." ಮೇಸ್ತ್ರಿ ಹಣೆಯ ರಕ್ತವನ್ನು ಒರೆಸಿ ನೋಡಿಕೊಂಡ. "ಕಾಯಾನ ಅಂದ್ರೆ ಹೆದರ್ಕಂಡ ಅಂತಾರೆ, ನಗ್ತಾರೆ, ಯಾವನೋ ಒಬ್ಬ ಮೀಸೆ ತಿರುವ್ಕಂಡು ಇಳ್ದುಬುಡ್ತಾನೆ. ಎಲೆ ಆಡಾನ ಅಂದ್ರೆ ಒಬ್ಬನೂ ಎದ್ದೋಗಲ್ಲ. ಇನ್ನೆಂಗಯ್ಯ ಕೂರಿಸ್ಲಿ ನಿಮ್ಮನ್ನ?"

ಹೊನ್ನೂರಪ್ಪ ಕಲ್ಲುಗುಡ್ಡೆಯ ಹಿಂದಿನಿಂದ ತಲೆ ಎತ್ತಿದ. ಕೊಟ್ರಬಸಪ್ಪನ ಕೊಡೆ ಬದುವಿನ ಮೇಲೆ ಉರುಳಿ ಬಿದ್ದಿತ್ತು, ಕೊಟ್ರಬಸಪ್ಪ ಎಲ್ಲೂ ಕಾಣಲಿಲ್ಲ. ಹೊಗೆಯ ಆ ಕಡೆಯಿಂದ ಯಾರೋ ಓಡಿಬರುವ ಸದ್ದು. ಕರೆಯುವ ತನಕ ಬರಬಾರದೆಂಬ ಕಟ್ಟಳೆಯನ್ನು ಚೌಡಕ್ಕ ಮುರಿದಿದ್ದಳು. ಸೆರಗು ನೆಲದ ಮೇಲೆ ಎಳೆದಾಡುತ್ತಿತ್ತು. ಇಬ್ಬರೂ ಕೂತಿದ್ದನ್ನು ನೋಡಿ ನಿಂತಳು. ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಗಂಡನ ಸೊಂಟದಲ್ಲಿದ್ದ ಹಗ್ಗವನ್ನು ನೋಡಿದಳು. ಅಲ್ಲೇ ಕುಸಿದು ಕೂತು ಆ ಗಂಟಿಗೆ ಕೈ ಹಾಕಿದಳು.

"ಯಾರ ಪಾಲಿಗೆ ಬಂದಿತ್ತಪ್ಪಾ?" ಅಂದಳು, ಗಂಟಿನಿಂದ ಕಣ್ಣು ತೆಗೆಯದೆ. "ಇವ್ರದಾ?"

"ಯಾರ ಪಾಲಿಗೂ ಇಲ್ಲ ಕಣವ್ವ," ಅಂದ ಮೇಸ್ತ್ರಿ. "ಆಟ ಇನ್ನೂ ಮುಗಿದಿರ್ಲಿಲ್ಲ."

ಆ ಒಂದು ಸುಳ್ಳಿನಿಂದ ಮಾವ ಪಾರಾಗುವ ಬಾಗಿಲು ತೆರೆದುಕೊಟ್ಟಿದ್ದ. ಸುಮ್ಮನೆ ಹೊರಗೆ ಹೋಗಬಹುದಿತ್ತು. ಎರ್ರಪ್ಪನಿಂದ ಅದು ಆಗಲಿಲ್ಲ.

"ಮುಗಿದಿತ್ತು ಚೌಡಿ," ಅಂದ. "ಮಾವ ಇಳಿಯೋರಿದ್ರು. ನಂಗೆ ಭಯ ಆಗಿತ್ತು. ಬೇಗ ಇಳೀರಿ ಅಂತ ನಾನೇ ಅಂದೆ."

ಚೌಡಕ್ಕನ ಬೆರಳುಗಳು ಗಂಟಿನ ಮೇಲೆ ನಿಂತವು. ಅವಳು ತಲೆ ಎತ್ತಲಿಲ್ಲ. ಮೇಸ್ತ್ರಿ ಬೇರೆ ಕಡೆ ತಿರುಗಿ ಚೀಲ ಹುಡುಕತೊಡಗಿದ. ಬೆಳಗಿನಿಂದ ಎಷ್ಟೊಂದು ಹೆದರಿದ್ದ ಎರ್ರಪ್ಪ ಈಗ ಆ ನಿಂತ ಬೆರಳುಗಳಿಗೆ ಹೆದರಿದ ಹಾಗೆ ಬಾವಿಗೂ ಹೆದರಿರಲಿಲ್ಲ. ಕಾಲು ಹಿಡಿಯಲೇ, ತಪ್ಪಾಯಿತು ಅನ್ನಲೇ, ಗಂಟನ್ನು ತಾನೇ ಬಿಚ್ಚಿಕೊಳ್ಳಲೇ ಅನ್ನಿಸಿತು. ಏನೂ ಮಾಡಲಿಲ್ಲ. ಅವಳ ಕೈ ಮತ್ತೆ ಆಡುವ ತನಕ ಕಾಯುತ್ತ, ಅಲುಗಾಡದೆ ಕೂತ.